ಇಪ್ಪತ್ತೆಂಟನೆಯ ದಿನ

ಪಂಕಜಮ್ಮ ಎರಡು ಮೊಳ ದೂರದಲ್ಲಿ ನಿಂತು, ಬಗ್ಗಿ, ಸೊಸೆಯ ಎಲೆಗೆ ಅನ್ನ ಹಾಕಿದರು. ಹುಳಿಯನ್ನು ಮೇಲಿನಿಂದಲೇ ಹುಯ್ದರು. ಒಂದು ಹನಿ ಸಿಡಿದು ತಮ್ಮ ಸೆರಗಿಗೆ ತಾಗಿತೇನೋ ಎಂದು ನೋಡಿಕೊಂಡು, "ಇನ್ನೇನಾದರೂ ಬೇಕಿದ್ದರೆ ಕೂಗು" ಎಂದು ಒಳಗೆ ಹೋದರು.

ಮದ್ದೂರಿನ ನರಸಿಂಹಸ್ವಾಮಿ ಗುಡಿಯ ಬೀದಿಯ ಆ ಮನೆಯಲ್ಲಿ ಗೋದಾ ಹಿತ್ತಿಲ ಜಗಲಿಗೆ ಬಂದು ಕೂತು ಅದು ಎರಡನೆಯ ದಿನ. ಬೇರೆ ಚಾಪೆ, ಬೇರೆ ಚೊಂಬು, ಯಾರನ್ನೂ ಮುಟ್ಟುವ ಹಾಗಿಲ್ಲ, ನಾಲ್ಕನೆಯ ದಿನ ತಲೆಗೆ ಸ್ನಾನ. ಎಲ್ಲವೂ ಶಾಸ್ತ್ರಪ್ರಕಾರ ನಡೆದಿತ್ತು. ಕೊರತೆ ಒಂದೇ: ಗೋದಾ ಮುಟ್ಟಾಗಿರಲಿಲ್ಲ.

ಅವಳಿಗೆ ಮುಟ್ಟು ಮೂರು ತಿಂಗಳಿಗೋ ಐದು ತಿಂಗಳಿಗೋ ಒಮ್ಮೆ, ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಮಳವಳ್ಳಿಯ ತವರಿನಲ್ಲಿ ತಾಯಿ, "ಮದುವೆಯಾದರೆ ಸರಿಹೋಗುತ್ತೆ, ಬಾಯಿ ಬಿಡಬೇಡ" ಅಂದಿದ್ದಳು. ಮದುವೆಯಾಯಿತು, ಸರಿಹೋಗಲಿಲ್ಲ. ಮೊದಲ ವರ್ಷ ನಲವತ್ತೈದು ದಿನವಾದರೂ ಸೊಸೆ ಆಚೆ ಕೂರದ್ದನ್ನು ಕಂಡು ಪಂಕಜಮ್ಮ ಹಿಗ್ಗಿಹೋದರು. ಪಾಯಸ ಮಾಡಿ ಬೀದಿಗೆಲ್ಲ ಸುದ್ದಿ ಹಂಚಿದರು. ತಾಯಿ ಹೂವು ಹಣ್ಣು ಹೊತ್ತು ಮಳವಳ್ಳಿ ಬಸ್ಸಿನಿಂದ ಇಳಿದ ದಿನವೇ ಗೋದಾ ಮುಟ್ಟಾದಳು. ಮರುವರ್ಷ ಇದೇ ಕಥೆ ಇನ್ನೊಮ್ಮೆ. ನಲ್ಲಿಯ ಹತ್ತಿರ ಹೆಂಗಸರು, "ಈ ಸಲವೂ ನಿಲ್ಲಲಿಲ್ಲವೇನೇ?" ಎಂದು ಲೊಚಗುಟ್ಟಿದರು.

ಆಮೇಲೆ ಅವಳೇ ಒಂದು ದಾರಿ ಹುಡುಕಿಕೊಂಡಳು. ಇಪ್ಪತ್ತೆಂಟು ದಿನ ಎಣಿಸುವುದು, ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ನಡೆಯುವುದು. ನಡುವೆ ನಿಜವಾದದ್ದು ಬಂದರೆ, "ಉಷ್ಣ ಜಾಸ್ತಿ ಆಗಿದೆ ಅತ್ತೆ" ಎಂದು ಮತ್ತೆ ಕೂರುವುದು. ಗಂಡ ಸಂಪತ್ ಕುಮಾರ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಈ ಲೆಕ್ಕ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಬೀದಿಯ ಬಾಯೇನೋ ಮುಚ್ಚಿತು. ಗೋದಾಳಿಗೆ ಮಾತ್ರ ಅಂದಿನಿಂದ ನೆಮ್ಮದಿಯಿಲ್ಲ. ಬೆಳಗಾದರೆ ಗಲ್ಲದ ಮೇಲಿನ ಗಡುಸು ಕೂದಲನ್ನು ಚಿಮಟದಿಂದ ಕೀಳಬೇಕು, ದಪ್ಪಗಾಗುತ್ತಿರುವ ಮೈಯನ್ನು ಸೀರೆಯಲ್ಲಿ ಅಡಗಿಸಬೇಕು, ದಿನ ಎಣಿಸಬೇಕು.

ಅಂದು ಮಧ್ಯಾಹ್ನ ಎದುರು ಮನೆಯಿಂದ ಪಂಕಜಮ್ಮನ ಅಣ್ಣ, ರಿಟೈರಾದ ಶಿರಸ್ತೇದಾರ ಪಾರ್ಥಸಾರಥಿ ಬಂದು ತೂಗುಮಣೆಯ ಮೇಲೆ ಕೂತರು. ಮಾತು ಹಿತ್ತಿಲವರೆಗೂ ಕೇಳುತ್ತಿತ್ತು.

"ಐದು ವರ್ಷ ಕಾದದ್ದು ಸಾಲದೇ ಪಂಕಜಾ? ಮಳವಳ್ಳಿಗೆ ಕಳಿಸಿಬಿಡು. ಬಿಡುಗಡೆ ಪತ್ರ ಕೋರ್ಟು ಕಚೇರಿ ಎಲ್ಲ ನಾನು ನೋಡಿಕೋತೀನಿ. ನಾನೇನು ಅವಳಿಗೆ ಶತ್ರುವೇ? ನಿನ್ನ ಮನೆ ಬೆಳೆಯೋದು ಬೇಡವೇ?"

"ಮನೆ ತುಂಬಿಸಿಕೊಂಡ ಹೆಣ್ಣು ಅವಳು, ಅಣ್ಣ." ಪಂಕಜಮ್ಮನ ದನಿ ಸೋತಿತ್ತು. "ಮಂಡ್ಯದಲ್ಲಿ ಒಬ್ಬರು ಲೇಡಿ ಡಾಕ್ಟರು ಇದ್ದಾರಂತೆ. ಒಂದು ಸಲ ತೋರಿಸ್ತೀನಿ. ಅವರೂ ಕೈಚೆಲ್ಲಿದರೆ ನೀನು ಹೇಳಿದ ಹಾಗೆ ಆಗಲಿ."

ಗೋದಾಳಿಗೆ ಎಲೆಯಲ್ಲಿದ್ದ ಅನ್ನ ಸೇರಲಿಲ್ಲ. ಡಾಕ್ಟರಿಗೆ ನಿಜ ಹೇಳಿದರೆ ಸುಳ್ಳುಗಾತಿ ಎಂದು ಕಳಿಸುತ್ತಾರೆ. ಹೇಳದಿದ್ದರೆ ಬಂಜೆ ಎಂದು ಕಳಿಸುತ್ತಾರೆ.

ಮೂರು ವಾರದ ಮೇಲೆ ಒಂದು ಶುಕ್ರವಾರ ಅತ್ತೆ ಸೊಸೆ ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯಕ್ಕೆ ಹೋದರು. ಡಾಕ್ಟರು ಹೊಂಬಾಳಮ್ಮನವರ ಕ್ಲಿನಿಕ್ಕಿನ ಗೋಡೆಯ ಚಿತ್ರದಲ್ಲಿ ಕೆಂಪು ತ್ರಿಕೋನದ ಕೆಳಗೆ ಎರಡು ಮಕ್ಕಳು ನಗುತ್ತಿದ್ದವು. ಎರಡೇ ಸಾಕು ಎಂದು ಸರ್ಕಾರ ಹೇಳುತ್ತಿತ್ತು. ಗೋದಾ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಳು.

ಬೆಂಚಿನ ಆ ತುದಿಯಲ್ಲಿ ಬೆಸಗರಹಳ್ಳಿಯ ಶಿವನಂಜಮ್ಮ ಮಗಳು ಬೆಳ್ಳಮ್ಮನ ಜೊತೆ ಕೂತಿದ್ದಳು. ಕೇಳದಿದ್ದರೂ ಹೇಳಿದಳು:

"ನಮ್ ಮಗೀಗೆ ವರ್ಸಕ್ಕೆ ಮೂರೇ ಸತಿ ಮುಟ್ಟಾಗೋದು ಕಣಮ್ಮ. ಮೀಸೆ ಬೇರೆ ಬಂದದೆ. ಊರೋರು ಗಾಳಿ ಮೆಟ್ಕೊಂಡದೆ ಅಂದ್ರು. ಎಂಥ ಗಾಳಿ ಬುಡಿ ಅಂದೆ, ಎಳ್ಕಂಡು ಬಂದೆ. ಈಗ ಔಸ್ದಿ ತಕ್ಕೊಂಡ್ಮೇಲೆ ವಾಸಿ."

"ಎಲ್ಲರೆದುರಿಗೂ ಹೀಗೆ ಹೇಳ್ತೀರಲ್ಲ!" ಪಂಕಜಮ್ಮ ಮುಖ ಸಿಂಡರಿಸಿದರು.

"ಒಟ್ಟೆ ನೋವು ಬಂದ್ರೆ ಏಳಾಕಿಲ್ವಾ? ಇದೂ ಅಂಗೇಯ. ನಾವ್ ಮುಚ್ಚಿಕ್ಕಂಡ್ರೆ ಡಾಕ್ಟ್ರಮ್ಮಂಗೆ ಎಂಗ್ ತಿಳೀಬೇಕು?"

ಅಷ್ಟರಲ್ಲಿ ಗೋದಾಳ ಹೆಸರು ಕೂಗಿದರು.

"ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮ?" ಡಾಕ್ಟರು ಕೇಳಿದರು. ಉತ್ತರ ಬಂದದ್ದು ಪಂಕಜಮ್ಮನಿಂದ: "ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು, ಒಂದು ದಿನ ಹೆಚ್ಚುಕಮ್ಮಿಯಿಲ್ಲ. ನಾನೇ ಬಡಿಸ್ತೀನಲ್ಲ, ನನಗೆ ಗೊತ್ತಿಲ್ಲವೇ?"

ಡಾಕ್ಟರು ಗೋದಾಳ ಗಲ್ಲವನ್ನು ಬೆಳಕಿಗೆ ತಿರುಗಿಸಿದರು. ಕಿತ್ತ ಕೂದಲಿನ ಕಪ್ಪು ಚುಕ್ಕಿಗಳನ್ನು, ಕತ್ತಿನ ಹಿಂದಿನ ಕಪ್ಪನ್ನು ನೋಡಿದರು.

"ಹಾಗಿದ್ದರೆ ಬೇರೆ ತೊಂದರೆ ಹುಡುಕಬೇಕು. ಹೊಟ್ಟೆ ಕೊಯ್ದು ನೋಡಬೇಕಾದೀತು. ಆದರೆ ಈ ಗಲ್ಲ ಬೇರೇನೋ ಹೇಳ್ತಿದೆ. ನೀನು ಹೇಳು ತಾಯಿ."

"ಆಗೋದಿಲ್ಲ," ಎಂದಳು ಗೋದಾ.

"ಏನು ಆಗೋದಿಲ್ಲ?"

"ತಿಂಗಳು ತಿಂಗಳೂ ಆಗೋದಿಲ್ಲ. ಈಗ ನಾಲ್ಕು ತಿಂಗಳಾಯಿತು. ನಾನು ಸುಮ್ಮನೆ ಆಚೆ ಕೂರ್ತೀನಿ."

ಪಂಕಜಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಗೋದಾ ಅವರ ಕಡೆ ತಿರುಗಲಿಲ್ಲ, ತಿರುಗುವ ಧೈರ್ಯ ಇರಲಿಲ್ಲ. ಡಾಕ್ಟರು ಅವಳನ್ನು ಒಳಗೆ ಕರೆದು ಪರೀಕ್ಷಿಸಿ ಬಂದು, ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ಹೆಣ್ಣಿನ ಹೊಟ್ಟೆಯಲ್ಲಿ ಎರಡು ಅಂಡಾಶಯ ಇರ್ತವೆ. ತಿಂಗಳಿಗೊಂದು ಅಂಡ ಬಲಿತು ಹೊರಗೆ ಬರಬೇಕು. ಕೆಲವರಿಗೆ ಅದು ಅರ್ಧಕ್ಕೇ ನಿಂತು, ಸಣ್ಣ ಸಣ್ಣ ನೀರುಗುಳ್ಳೆಯಾಗಿ ಒಳಗೇ ಉಳಿಯುತ್ತೆ. ಅದಕ್ಕೇ ಮುಟ್ಟು ತಪ್ಪೋದು, ಕೂದಲು ಬರೋದು, ಮೈ ಬರೋದು. ಶಾಪವೂ ಅಲ್ಲ, ನಾಗದೋಷವೂ ಅಲ್ಲ, ಇವಳ ತಪ್ಪಂತೂ ಅಲ್ಲವೇ ಅಲ್ಲ. ಹತ್ತು ದಿನ ಈ ಮಾತ್ರೆ ಕೊಡಿ, ಆಮೇಲೆ ಮುಟ್ಟಾಗುತ್ತೆ. ಸಿಹಿ, ಅನ್ನ ಕಡಿಮೆ ಮಾಡಲಿ, ದಿನಾ ನಡೆಯಲಿ."

"ಮಕ್ಕಳಾಗುತ್ತವೆಯೇ?" ಪಂಕಜಮ್ಮ ಮುಂದಕ್ಕೆ ಬಾಗಿದರು.

"ಇವತ್ತೇ ಬರೆದುಕೊಡೋಕಾಗಲ್ಲ. ಎಷ್ಟೋ ಜನಕ್ಕೆ ಆಗಿವೆ. ಮಗು ಆಗಲಿ ಬಿಡಲಿ, ಮುಟ್ಟು ಹೀಗೆ ತಿಂಗಳುಗಟ್ಟಲೆ ನಿಲ್ಲೋದು ಅವಳ ಮೈಗೇ ಒಳ್ಳೇದಲ್ಲ. ಮುಂದಿನ ಸಲ ನಿಜವಾದ ತಾರೀಕು ಬರೆದುಕೊಂಡು ಬನ್ನಿ."

ವಾಪಸು ರೈಲಿನಲ್ಲಿ ಪಂಕಜಮ್ಮ ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನೇ ನೋಡುತ್ತಾ ಕೂತರು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಗೋದಾಳಿಗೆ ಅನ್ನಿಸಿತು. ಹನಕೆರೆಯಲ್ಲಿ ರೈಲು ನಿಂತಾಗ ಅವರು ಬಾಯಿ ಬಿಟ್ಟರು.

"ನಿಮ್ಮ ಮಾವನವರ ತಿಥಿಯ ದಿನ?"

"ಅದೂ ಸುಳ್ಳೇ ಅತ್ತೆ. ಲೆಕ್ಕ ಆ ದಿನಕ್ಕೇ ಬಂತು. ತಪ್ಪಿಸಿದರೆ ನೀವು ಬಸುರಿ ಅಂದುಕೊಳ್ತೀರಿ ಅಂತ..."

ತಿಥಿಯ ಅಡುಗೆಯನ್ನೆಲ್ಲ ಅಂದು ಪಂಕಜಮ್ಮ ಒಬ್ಬರೇ ಮಾಡಿದ್ದರು, ಸೊಂಟ ಹಿಡಿದುಕೊಂಡಿತ್ತು. ಅವರ ಮುಖ ಕೆಂಪಾಯಿತು. ರೈಲು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಬಹಳ ಮೆಲ್ಲಗೆ, "ನನ್ನ ಕಂಡರೆ ಅಷ್ಟು ಭಯವೇನೇ ನಿನಗೆ?" ಎಂದು ಕೇಳಿದರು. ಗೋದಾ ಅತ್ತುಬಿಟ್ಟಳು. ಮದ್ದೂರಿನಲ್ಲಿ ಇಳಿಯುವಾಗ ಪಂಕಜಮ್ಮ ಮಾತ್ರೆಯ ಪೊಟ್ಟಣವನ್ನು ತಮ್ಮ ಚೀಲಕ್ಕೇ ಹಾಕಿಕೊಂಡರು.

ಆಮೇಲಿನ ಐದು ದಿನ ಮಾತ್ರೆ ಹೊತ್ತಿಗೆ ಸರಿಯಾಗಿ ಬಂತು, ಮಾತು ಬರಲಿಲ್ಲ. ಅಣ್ಣನಿಗೂ ಪಂಕಜಮ್ಮ ಏನೂ ಹೇಳಲಿಲ್ಲ. ಬುಧವಾರ ಇಪ್ಪತ್ತೆಂಟನೆಯ ದಿನ. ಗೋದಾ ಬೆಳಗ್ಗೆಯಿಂದ ಅಡುಗೆಮನೆಗೂ ಹಿತ್ತಿಲಿಗೂ ಓಡಾಡಿದಳು. ಕೂತರೆ ಅತ್ತೆಗೆ ಮತ್ತೆ ಮೋಸ, ಕೂರದಿದ್ದರೆ ಬೀದಿಗೆ ಮತ್ತೆ ಸುದ್ದಿ. ಚಾಪೆಗೆ ಕೈ ಹಾಕಿದಾಗ ಒಳಗಿನಿಂದ ಕೂಗು ಬಂತು.

"ಅಲ್ಲೇನು ಮಾಡ್ತಿದೀಯೇ? ಬಾ, ತರಕಾರಿ ಹೆಚ್ಚು."

ಗೋದಾ ಈಳಿಗೆಮಣೆಯ ಮುಂದೆ ಕೂತಳು. ಪಕ್ಕದ ಮನೆಯ ಆಂಡಾಳಮ್ಮ ಕರಿಬೇವಿಗೆಂದು ಬಂದವರು ಅವಳನ್ನು ಅಡುಗೆಮನೆಯಲ್ಲಿ ಕಂಡು ಬೆರಳು ಮಡಿಸಿ ಲೆಕ್ಕ ಹಾಕಿದರು. "ಏನು ಪಂಕಜಮ್ಮ, ಸೊಸೆ ಈ ಸಲ ಆಚೆ ಕೂತಿಲ್ಲ! ಸಿಹಿ ಸುದ್ದಿಯೇ?"

"ಇಲ್ಲ ಆಂಡಾಳು. ಅವಳಿಗೆ ತಿಂಗಳು ತಿಂಗಳೂ ಆಗೋದಿಲ್ಲ. ಅಂಡಾಶಯದಲ್ಲಿ ತೊಂದರೆ ಇದೆ. ಮಂಡ್ಯದಲ್ಲಿ ಔಷಧಿ ನಡೀತಿದೆ."

ನಡುಮನೆಯಲ್ಲಿ ಅಣ್ಣ ಬಂದು ಕೂತಿದ್ದ ತೂಗುಮಣೆ ಗಕ್ಕನೆ ನಿಂತಿತು. "ಪಂಕಜಾ! ಮನೆ ಮಾತನ್ನ ಬೀದಿಗೆ ಹಾಕ್ತಿದೀಯಾ?" ಎಂದರು ಪಾರ್ಥಸಾರಥಿ.

"ಎರಡು ಸಲ ಸುಳ್ಳು ಸುದ್ದಿ ಬೀದಿಗೆ ಹಾಕಿದವಳು ನಾನೇ ಅಣ್ಣ. ಈಗ ನಿಜಾನೂ ನಾನೇ ಹೇಳ್ತೀನಿ. ಅವಳು ಮಳವಳ್ಳಿಗೆ ಹೋಗೋದು ಹಬ್ಬಕ್ಕೆ, ನೀನು ಹೇಳಿದ್ದಕ್ಕಲ್ಲ."

ಪಾರ್ಥಸಾರಥಿ ಮೇಲುವಸ್ತ್ರ ಕೊಡವಿಕೊಂಡು ಎದ್ದು ಹೋದರು. ಆಂಡಾಳಮ್ಮ ಮಾತ್ರ ಕದಲಲಿಲ್ಲ. ಕರಿಬೇವಿನ ಕಡ್ಡಿಯಿಂದ ಒಂದೊಂದೇ ಎಲೆ ಬಿಡಿಸುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದರು:

"ಆ ಡಾಕ್ಟರು ಯಾವ ಯಾವ ದಿನ ಇರ್ತಾರೆ? ನಮ್ಮ ಹುಡುಗಿಗೂ ಹೀಗೇ... ಹತ್ತೊಂಬತ್ತು ತುಂಬಿತು."

"ಮಂಗಳವಾರ, ಶುಕ್ರವಾರ," ಎಂದಳು ಗೋದಾ, ಅತ್ತೆಗಿಂತ ಮುಂಚೆ. "ನಾನೂ ಹೋಗಬೇಕು. ಜೊತೆಗೆ ಕರಕೊಂಡು ಹೋಗ್ತೀನಿ."