ಎದುರಿಗೆ ಕೂತೇ ಕೇಳಬೇಕಾದ ಪಾಠ

೧

ಈ ಕಥೆಯನ್ನು ಲವಾನ್ ಕುಚೇರಾಳ ಸಿಟ್ಟಿನಿಂದ ಆರಂಭಿಸಲೋ, ಒಮಾಹಾದ ಹೋಟೆಲ್ಲಿನಿಂದಲೋ? ಹೋಟೆಲ್ಲಿನಿಂದ ಶುರುಮಾಡಿದರೆ ನೀವು ಪ್ರೇಮಕಥೆ ಎಂದುಕೊಂಡು ಓದಿ ಆಮೇಲೆ ನನ್ನನ್ನು ಬೈಯುತ್ತೀರಿ. ಸಿಟ್ಟೇ ಇರಲಿ.

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪಶ್ಚಿಮದಂಚಿನ ನಮ್ಮೂರಿಗೆ ಲವಾನ್ ಒಬ್ಬಳೇ ಕೈರೋಪ್ರಾಕ್ಟರ್. ಔಷಧಿಯಿಲ್ಲ, ಕತ್ತರಿಯಿಲ್ಲ, ಬೆನ್ನುಮೂಳೆಯನ್ನು ಕೈಯಲ್ಲೇ ತಡವಿ, ಲಟಕ್ಕೆನಿಸಿ ಕೂರಿಸುವವಳು. ಲೈಸೆನ್ಸ್ ಉಳಿಯಬೇಕಾದರೆ ಅವಳು ಆಗಾಗ ಹೊಸ ಪಾಠ ಕೇಳಬೇಕು. ಒಂದಿಷ್ಟು ಆನ್‌ಲೈನ್ ನಡೆಯುತ್ತದೆ. ಉಳಿದದ್ದು ಎದುರಿಗೆ ಕೂತೇ ಆಗಬೇಕೆಂದು ಲೈಸೆನ್ಸ್ ಕೊಡುವ ಬೋರ್ಡಿನ ಕಟ್ಟಪ್ಪಣೆ. ಈ ಸಲದ ಕೊನೆಯ ತರಗತಿ ಶನಿವಾರ, ರಾಜ್ಯದ ಆ ತುದಿಯ ಒಮಾಹಾದ ಹೋಟೆಲ್ಲೊಂದರಲ್ಲಿ. ತಪ್ಪಿದರೆ ಲೈಸೆನ್ಸ್ ಹೋಯಿತು.

"ಎಲ್ಲಾನೂ ಆನ್‌ಲೈನ್ ಮಾಡಿದ್ರೆ ಇವರ ಗಂಟೇನು ಹೋಗುತ್ತೆ? ನಾನಂತೂ ಒಮಾಹಾಕ್ಕೆ ಹೋಗಲ್ಲ!" ಲವಾನ್ ಕೂಗಾಡಿದಳು.

೨

(ಮೊದಲ ಕರಡು. ಬಿಸಾಡಿದ್ದು.) ಅದರಲ್ಲಿ ಬೋರ್ಡೇ ಖಳನಾಯಕ. ಅಧ್ಯಕ್ಷನಿಗೆ ಮೀಸೆ ಕೂಡ ಇಟ್ಟಿದ್ದೆ. ಒಂದು ಪುಟ ದಾಟುವುದರೊಳಗೆ ನನಗೇ ನಿದ್ದೆ ಬಂತು.

೩

ಎರಡನೆಯ ಕರಡಿನಲ್ಲಿ ಲವಾನ್ ಕ್ಲಿನಿಕ್ಕಿನಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಮುಂದೆ ಚಿಲಿ ಎಂಬ ಮಾಂಸ-ಕಾಳಿನ ಬಿಸಿ ಖಾರದ ಗೊಜ್ಜಿನ ಬಟ್ಟಲು, ಅದ್ದಿಕೊಳ್ಳಲು ಸಕ್ಕರೆ ಸುರಿದ ದಾಲ್ಚಿನ್ನಿ ರೋಲ್. (ಇಲ್ಲಿ ತಿನ್ನುವುದೇ ಹಾಗೆ; ಮುಖ ಸಿಂಡರಿಸಬೇಡಿ.) ಆಗಾಗ ಪರದೆಯ ಮೇಲೆ "ಇನ್ನೂ ಇದ್ದೀರಾ?" ಎಂಬ ಪ್ರಶ್ನೆ ಏಳುತ್ತದೆ. ಗುಂಡಿ ಒತ್ತದಿದ್ದರೆ ಪಾಠ ಮೊದಲಿನಿಂದ. ಲವಾನ್ ಎಡಗೈ ಚಾಚಿ ಒತ್ತಿದಳು.

ಎಡಗೈ? ನಾನು ಬರೆಯುವುದನ್ನು ನಿಲ್ಲಿಸಿದೆ.

"ಡಾಕ್ಟ್ರೇ, ನೀವು ಬಲಗೈಯವರಲ್ವಾ?"

"ಆ ಕೈಲಿ ಚಮಚ ಇತ್ತು."

"ಚಮಚ ಬಟ್ಟಲಲ್ಲಿದೆ. ಈಗಷ್ಟೇ ನಾನೇ ಇಟ್ಟೆ."

"ಹಾಗಾದ್ರೆ ನನ್ನ ಕೈಗೆ ಕೊಡು. ಬರೆಯೋ ದೊಡ್ಡ ಮನುಷ್ಯ ನೀನೇ ತಾನೇ?"

ಕೊಟ್ಟೆ. ಚಮಚ ಜಾರಿ ನೆಲಕ್ಕೆ ಬಿತ್ತು. (ಬೀಳಿಸಿದ್ದು ನಾನಲ್ಲ, ಆಣೆ.)

"ಬೇಸಿಗೆಯಿಂದ ಹೆಬ್ಬೆರಳು ಜೋಮು ಹಿಡಿದಿದೆ," ಎಂದಳು. "ಕುತ್ತಿಗೆಯಿಂದ ಇಳಿದಿದ್ದು. ನನ್ನ ಕುತ್ತಿಗೆ ನಾನೇ ಕೂರಿಸ್ಕೊಳ್ಳೋಕಾಗುತ್ತಾ?"

"ಹಾಗಿದ್ರೆ ಒಮಾಹಾಕ್ಕೆ ಹೋಗಿ. ಅಲ್ಲಿರೋರೆಲ್ಲಾ ನಿಮ್ಮ ಕಸುಬಿನೋರೇ."

"ಅದಕ್ಕೇ ಹೋಗಲ್ಲ ಅಂದಿದ್ದು, ದಡ್ಡ!"

ದಡ್ಡ ಹೌದು, ಅವರ ಪದ್ಧತಿ ಮರೆತೇಬಿಟ್ಟಿದ್ದೆ. ಪಾಠದ ನಡುವೆ ಬಿಡುವು ಸಿಕ್ಕರೆ ಇವರು ಕಾರಿಡಾರಿನಲ್ಲೇ ಮೇಜು ಬಿಡಿಸಿ ಒಬ್ಬರ ಬೆನ್ನನ್ನೊಬ್ಬರು ನೋಡುತ್ತಾರೆ. ನಾವು ಕ್ಷೇಮಸಮಾಚಾರ ಕೇಳಿದ ಹಾಗೆ. ಬೇಡವೆಂದವರು ಏನನ್ನೋ ಮುಚ್ಚಿಡುತ್ತಿದ್ದಾರೆಂದೇ ಲೆಕ್ಕ.

"ಜೋಮು ಹಿಡಿದ ಬೆರಳಲ್ಲಿ ಜನರ ಕುತ್ತಿಗೆ ಹಿಡಿಯೋಕೆ ಯಾರು ಬಿಡ್ತಾರೆ?" ಎಂದಳು ಮೆಲ್ಲಗೆ. "ಈ ಕೈ ಬಿಟ್ರೆ ನನಗೇನು ಗೊತ್ತಿದೆ, ಹೇಳು."

೪

ಮುಕ್ತಾಯ: ಬೋರ್ಡ್ ಮನಸ್ಸು ಬದಲಿಸಿತು. ಎಲ್ಲವೂ ಆನ್‌ಲೈನ್. ಲವಾನ್ ಎಡಗೈಯಲ್ಲಿ ಒತ್ತುತ್ತ ಒತ್ತುತ್ತ ಪಾಸಾದಳು. ಸೋಮವಾರ ಮೊದಲ ರೋಗಿ ನಾನೇ. ಬೋರಲು ಮಲಗಿದೆ. ನನ್ನ ಕುತ್ತಿಗೆಯ ಮೇಲೆ ಆ ಹೆಬ್ಬೆರಳು...

ಹೊಡೆದುಹಾಕಿದೆ. (ಸ್ವಾರ್ಥವೇ. ನೀವಾಗಿದ್ದರೂ ಹೊಡೆದುಹಾಕುತ್ತಿದ್ದಿರಿ.)

ಇನ್ನೊಂದು: ಕ್ಲಿನಿಕ್ ಮುಚ್ಚಿ, ಹಿತ್ತಲಲ್ಲಿ ಟೊಮೇಟೊ ಬೆಳೆಯುತ್ತ ನೆಮ್ಮದಿಯಾಗಿದ್ದಳು.

"ಟೊಮೇಟೊ? ನಾನಾ?" ಹಾಳೆಯನ್ನು ಅವಳೇ ಹರಿದಳು. ಎಡಗೈಯಲ್ಲಿ.

೫

ಶನಿವಾರ ಅವಳು ಒಮಾಹಾಕ್ಕೆ ಹೊರಟಳು. ನಾನು ಕಳಿಸಲಿಲ್ಲ. ಯಾಕೆ ಹೊರಟಳೆಂದು ನನಗೂ ಹೇಳಲಿಲ್ಲ.

ಬಿಡುವಿನಲ್ಲಿ ಹಳೆಯ ಸಹಪಾಠಿ ಮರ್ಲ್ ವೊಬೋರಿಲ್ ಮೇಜು ಬಿಡಿಸಿದ.

"ಬಾರೇ ಮುದುಕಿ, ನಿನ್ನ ತುಕ್ಕು ಬಿಡಿಸ್ತೀನಿ."

"ನಿನ್ನ ಕೈ ಮಂಜುಗಡ್ಡೆ ಕಣೋ."

"ಕಾಲೇಜಿಂದಲೂ ಇದೇ ನೆಪ!"

ಮಲಗಿದಳು. ಮರ್ಲ್‌ನ ಬೆರಳು ಕುತ್ತಿಗೆಯುದ್ದಕ್ಕೆ ಇಳಿದು ಒಂದೆಡೆ ನಿಂತಿತು. ತಮಾಷೆಯೂ ನಿಂತಿತು. ಒಳಗೆ ಪಾಠ ಮತ್ತೆ ಶುರುವಾಗುತ್ತಿತ್ತು. ಬಾಗಿಲು ಮುಚ್ಚಿದ ಮೇಲೆ ಬಂದವರಿಗೆ ಹಾಜರಿಯಿಲ್ಲ; ಹಾಜರಿಯಿಲ್ಲದೆ ಲೈಸೆನ್ಸಿಲ್ಲ.

"ಹೇಳೋ," ಎಂದಳು ಲವಾನ್, ಮುಖ ಮೇಜಿನ ಉಸಿರಾಡುವ ತೂತಿನೊಳಗೆ.

ಮರ್ಲ್‌ನ ಬಾಯಿಗೆ ನಾನೊಂದು ಮಾತು ಇಟ್ಟೆ. ಉಗುಳಿದ. ಇನ್ನೊಂದು, ಸ್ವಲ್ಪ ಹಿತವಾದದ್ದು, ಇಟ್ಟೆ. ಅದನ್ನೂ ಉಗುಳಿದ.

ಬಾಗಿಲು ಮುಚ್ಚಿತು. ಇಬ್ಬರೂ ಕದಲಲಿಲ್ಲ.

"ಸುಮ್ನಿರೇ," ಎಂದ. "ಇನ್ನೂ ನೋಡ್ತಿದ್ದೀನಿ."

ಇನ್ನೂ ನೋಡುತ್ತಿದ್ದಾನೆ.