ಒಂದು ನೀರಿಗೆ ಹೋಗುವ ಗುರುತು

ದರ್ಜಿ ಹೆಂಗಸಿನ ಬಲಗಾಲು ಮುರಿದು ಹನ್ನೊಂದು ತಿಂಗಳಾಗಿತ್ತು. ಹೊಲಿಗೆ ಯಂತ್ರದ ಪೆಡಲ್ ತುಳಿಯುವ ಕಾಲು ಅದು. ಅಂಗಡಿ ಮುಚ್ಚಬೇಕಾದೀತೆಂದು ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ, ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ನಾದಿನಿ ಬಂದು, "ಏಳು ಅತ್ತಿಗೆ. ನಂಗೆ ಹೊಲಿಯೋಕೆ ಬರಲ್ಲ, ತುಳಿಯೋಕೆ ಬರುತ್ತೆ" ಎಂದಿದ್ದಳು. ನಾಲ್ಕು ತಿಂಗಳು, ದಿನಾ ಮಧ್ಯಾಹ್ನ, ಒಂದೇ ಯಂತ್ರಕ್ಕೆ ಇಬ್ಬರು: ಬಟ್ಟೆ ಇವಳ ಕೈಯಲ್ಲಿ, ಪೆಡಲ್ ಅವಳ ಕಾಲಡಿ. ಅದಕ್ಕೊಂದು ಒಳ್ಳೆಯ ಮಾತಾಡಬೇಕೆಂದು ದರ್ಜಿಗೆ ಎಷ್ಟೋ ಸಲ ಅನಿಸಿತ್ತು. ಬಾಯಿಗೆ ಬರುತ್ತಿದ್ದುದು ಮಾತ್ರ, "ಮೆಲ್ಲಗೆ ತುಳಿಯೇ, ದಾರ ಕಿತ್ತೋಗುತ್ತೆ!"

ಅದಕ್ಕೇ ಈ ನಡಿಗೆ. ನಾದಿನಿಗೆ ಈಜೆಂದರೆ ಪ್ರಾಣ. ಊರಾಚೆಯ ಕಲ್ಲಿನ ಕಮರಿಯಲ್ಲಿ ಮೂರು ಮಡುಗಳಿವೆ, ಜನ ಅತ್ತ ಹಾಯುವುದೇ ಇಲ್ಲವೆಂದು ಗಿರಾಕಿಯೊಬ್ಬರು ಹೇಳಿದ್ದರು. ಡಾಕ್ಟರು ನಡೆಯಲು ಹೇಳಿದ್ದರು. ಎಷ್ಟು ದೂರ ಎಂದು ದರ್ಜಿ ಕೇಳಿರಲಿಲ್ಲ.

ಬೆಳಿಗ್ಗೆ ಮೇಲಿನ ರಸ್ತೆಯಿಂದ ಇಳಿದರು. ದಾರಿಯೆಂಬುದಿಲ್ಲ, ಬಂಡೆ ಹತ್ತು, ಕುಂಡೆಯೂರಿ ಜಾರು, ಮೊಣಕಾಲುದ್ದ ನೀರಿನಲ್ಲಿ ನಡೆ. ಪಕ್ಕದಿಂದ ಬೇರೆ ಕೊರಕಲು ಬಂದು ಸೇರುವಲ್ಲೆಲ್ಲ ದರ್ಜಿ, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ತೆಗೆದು, ತಾವು ಬಂದ ಕಡೆಯ ಕಲ್ಲಿಗೊಂದು ಗುರುತು ಹಾಕುತ್ತಿದ್ದಳು. ಅಳತೆ ತಪ್ಪುವ ಹೆಂಗಸಲ್ಲ ಅವಳು. ಮುಂದಿದ್ದ ನಾದಿನಿ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು.

"ಏನೇ ಅದು, ತಿರುತಿರುಗಿ ನೋಡೋದು? ನಾನೇನು ಓಡಿ ಹೋಗ್ತೀನಾ?"

"ನೀನು ಓಡೋ ಚೆಂದ ಗೊತ್ತಿಲ್ವಾ ಅತ್ತಿಗೆ! ಕಾಲೆಳೀತಿದೀಯೇನೋ ಅಂತ ನೋಡ್ದೆ."

"ನಿನ್ನ ಕಾಲು ನೋಡ್ಕೊಂಡು ನಡಿ."

ಮೂರನೆಯ ಮಡು ಹಸಿರು ಗಾಜಿನಂತಿತ್ತು. ಉಟ್ಟ ಬಟ್ಟೆಯಲ್ಲೇ ಇಬ್ಬರೂ ಇಳಿದರು. ನೀರಿನಲ್ಲಿ ಕಾಲಿಗೆ ಭಾರವೇ ಇರಲಿಲ್ಲ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅದು ತನ್ನದೇ ಕಾಲು ಎನಿಸಿತು. ಖುಷಿಗೆ ದರ್ಜಿ ಅಂಗೈಯಿಂದ ನೀರು ಬಡಿದು ಎರಚಿದಳು. ನಾದಿನಿ ಬಿಟ್ಟಾಳೆಯೇ? ಸುತ್ತಲ ಕಲ್ಲುಗಳೆಲ್ಲ ತೊಯ್ದು ತೊಟ್ಟಿಕ್ಕಿದವು.

ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು ಬಂದ ದಾರಿಗೆ ಮರಳಿ ಹೊರಟು ನೋಡಿದರೆ ಎದುರಿಗೆ ಎರಡು ಕೊರಕಲು. ಎರಡರಲ್ಲೂ ಸಣ್ಣಗೆ ನೀರು, ಎರಡರಲ್ಲೂ ಅದೇ ಕೆಂಪು ಬಂಡೆ. ಗುರುತು ಎಲ್ಲೂ ಇಲ್ಲ.

"ಗಿರಾಕಿಗಳಿಗೆಲ್ಲ ನೀನೇ ಹೇಳ್ತೀಯಲ್ಲ ಅತ್ತಿಗೆ, ಸೀಮೆಸುಣ್ಣದ ಗೆರೆ ಒಂದು ನೀರಿಗೆ ಹೋಗುತ್ತೆ ಅಂತ!"

ದರ್ಜಿಗೆ ನಗು ಬರಲಿಲ್ಲ. ಕಾಲು ಆಗಲೇ ಊದತೊಡಗಿತ್ತು. ಒಂದು ಏರನ್ನು ಅದು ತಡೆದೀತು. ತಪ್ಪಿ ಹತ್ತಿ, ಇಳಿದು, ಮತ್ತೆ ಹತ್ತುವ ಶಕ್ತಿ ಅದಕ್ಕಿರಲಿಲ್ಲ. ಬಿಸಿಲು ಕಮರಿಯ ಗೋಡೆಯ ನೆತ್ತಿಗೆ ಏರಿತ್ತು. ಕೂಗಿದರೆ ಕೇಳುವವರಿಲ್ಲ. ಬರುವಾಗ ತಾನು ನೋಡಿದ್ದೆಲ್ಲ ಮುಂದಿನದೇ. ಹಿಂದಿನಿಂದ ಈ ಕಮರಿ ಹೇಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಎಡಗಡೆ" ಎಂದಳು ನಾದಿನಿ.

"ಅದ್ಹೇಗೆ ಹೇಳ್ತೀಯಾ?"

"ಬರುವಾಗ ತಿರುಗಿ ನೋಡ್ದೆನಲ್ಲ, ಆ ಗೂನು ಬಂಡೆ ಹತ್ರ ನೀನು ನಿಂತು ಬೆವರು ಒರೆಸ್ಕೊಂಡೆ. ಮೇಲಿನ ಒಣಮರ ಸರಿಯಾಗಿ ನಿನ್ನ ತಲೆ ಹಿಂದೆ ಇತ್ತು, ಕೊಂಬು ಬಂದ ಹಾಗೆ. ನಗು ತಡ್ಕೊಂಡು ಸಾಕಾಯ್ತು ನಂಗೆ."

ಎಡಕ್ಕೆ ಹೋದರು. ತಿರುವಿನಾಚೆ ಒಣಕಲ್ಲಿನ ಮೇಲೆ ಇನ್ನೊಂದು ಸೀಮೆಸುಣ್ಣದ ಗೆರೆ ಬೆಳ್ಳಗೆ ಕಂಡಾಗ ದರ್ಜಿಯ ಜೀವ ಮರಳಿತು. ಉಳಿದ ಮಡುಗಳ ಬಳಿಯೂ, ಬೆಳಿಗ್ಗೆ ನಾದಿನಿ ಧುಮುಕಿದಾಗ ಚಿಮ್ಮಿದ ನೀರಿಗೆ ಗುರುತು ಅಳಿಸಿತ್ತು. ಅಲ್ಲೆಲ್ಲ ನಾದಿನಿ ಹೇಳುತ್ತ ಹೋದಳು: ಇಲ್ಲಿ ನೀನು ಜಾರಿದ್ದು, ಇಲ್ಲಿ ಕೂತದ್ದು, ಇಲ್ಲಿ ನನ್ನನ್ನು ಬೈದದ್ದು.

ಮೇಲೆ ರಸ್ತೆ ಸಿಕ್ಕಿದಾಗ ಇನ್ನೂ ಬೆಳಕಿತ್ತು. ದರ್ಜಿ ಉಸಿರು ಸುಧಾರಿಸಿಕೊಂಡು, ಎಲ್ಲೋ ನೋಡುತ್ತ ಹೇಳಿದಳು:

"ನಾಲ್ಕು ತಿಂಗಳು ನಿನ್ನ ಕಾಲಲ್ಲಿ ಹೊಲಿದೆ. ಇವತ್ತು ನಿನ್ನ ಕಣ್ಣಲ್ಲಿ ನಡೆದೆ ಕಣೇ."

ನಾದಿನಿ ಅವಳತ್ತ ತಿರುಗಿದಳು.

"ಬಾಯಿ ಮಾತ್ರ ನಿಂದೇ ಉಳೀತು ನೋಡು!"

ಇಬ್ಬರೂ ನಕ್ಕರು. ದರ್ಜಿ ಅವಳ ಕೈ ಹಿಡಿದುಕೊಂಡಳು. ರಸ್ತೆ ಸಮನಾಗಿಯೇ ಇದ್ದರೂ ಬಸ್ಸು ಬರುವ ತನಕ ಬಿಡಲಿಲ್ಲ.