ಕಾಸದ ಹಾಲು

ಓಟಕ್ಕೆ ಖರ್ಚಿಲ್ಲ ಎನ್ನುವವರು ಓಡಿದವರಲ್ಲ. ಮಲಪನಗುಡಿಯ ಚಂದ್ರಕಲಾಗೆ ಬೂಟಿಗೆ ಎರಡು ಸಾವಿರದ ಇನ್ನೂರು ಬೀಳುತ್ತಿತ್ತು, ಕಾಲುವೆ ದಂಡೆಯ ಗರಸು ಅದನ್ನು ಏಳು ತಿಂಗಳಲ್ಲಿ ತಿಂದು ಹಾಕುತ್ತಿತ್ತು. ದಿನಕ್ಕೆ ಎರಡು ಮೊಟ್ಟೆ. ಓಟಕ್ಕೆ ಹೆಸರು ಕೊಡಲು ಆರುನೂರು. ಈ ವರ್ಷ ಇವೆಲ್ಲದರ ಮೇಲೆ ಜ್ವರದ ಖರ್ಚು ಬಂತು: ಮೂರು ಸಲ ಟೈಫಾಯ್ಡ್ ಎಂದು ಗ್ಲೂಕೋಸ್ ಬಾಟಲಿ, ಇಂಜೆಕ್ಷನ್, ಮಾತ್ರೆ, ಒಟ್ಟು ಹನ್ನೊಂದು ಸಾವಿರ. ಖರ್ಚಿಲ್ಲದ್ದು ಹಾಲೊಂದೇ. ಅತ್ತೆ ಹೊಳೆಮ್ಮ ಸಾಕಿದ ಎರಡು ಆಡು ಹಿತ್ತಲಲ್ಲೇ ಇದ್ದವು.

ಚಂದ್ರಕಲಾಗೆ ಮೂವತ್ತೊಂಬತ್ತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆಯ ಭಯಕ್ಕೆ ನಡೆಯಲು ಶುರು ಮಾಡಿದವಳು, ನಡಿಗೆ ನಿಧಾನ ಅನ್ನಿಸಿ ಓಡಿದಳು. ಕಮಲಾಪುರದಿಂದ ಹಂಪಿಗೆ ನಡೆಯುವ ಹತ್ತು ಕಿಲೋಮೀಟರ್ ಓಟದಲ್ಲಿ ಹೋದ ವರ್ಷ ಐವತ್ತನಾಲ್ಕು ನಿಮಿಷಕ್ಕೆ ಮುಟ್ಟಿ ಮೂರನೆಯವಳಾದಳು. ಐವತ್ತಕ್ಕೆ ಮುಟ್ಟಬೇಕು ಎನ್ನುವುದು ಅವಳ ಆಸೆ. ನಲವತ್ತು ದಾಟುವ ಮೊದಲೇ ಆಗಬೇಕು ಎಂಬ ಹಟ ಬೇರೆ.

ಸೊಸೆ ಪ್ಯಾಂಟು ಹಾಕಿಕೊಂಡು ಓಡುತ್ತಾಳೆ ಎಂದು ಓಣಿಯವರು ನಕ್ಕಾಗ ಬಾಯಿ ಮುಚ್ಚಿಸಿದ್ದು ಹೊಳೆಮ್ಮ. "ನಿಮ್ಮ ಸೊಸಿಯಂದ್ರು ಕುಂತಲ್ಲೇ ಕುಂತು ನಡ ಹಿಡಿಸಿಕೊಂಡಾರ. ನಮ್ಮಾಕಿ ಓಡ್ತಾಳ. ಯಾರ ಗಂಟು ಹೋತು?" ಎಂದಿದ್ದಳು. ಮುಂಜಾನೆ ಓಡಿ ಬರುವ ಸೊಸೆಗೆ ಆಡಿನ ಕೆಚ್ಚಲಿಂದಲೇ ಚೊಂಬಿಗೆ ಕರೆದ ನೊರೆಹಾಲು ಕೊಡುವುದು ಅವಳ ಪಾಲಿನ ಕೆಲಸ. ಕಾಸಿದರೆ ಹಾಲಿನ ಸತ್ವ ಹೋಗುತ್ತದೆ, ಗರಡಿಯವರು ಕುಡಿಯುತ್ತಿದ್ದುದು ಇದನ್ನೇ, ಎಂದು ಆಕೆ ನಂಬಿದ್ದಳು. ಶಾಲೆಯಲ್ಲಿ ಮಕ್ಕಳ ಹಾಲನ್ನು ಉಕ್ಕುವವರೆಗೆ ಕಾಸುವ ಚಂದ್ರಕಲಾ ಮನೆಯಲ್ಲಿ ಮಾತ್ರ ಅದನ್ನು ಹಾಗೇ ಕುಡಿಯುತ್ತಿದ್ದಳು.

ಜ್ವರ ವಿಚಿತ್ರವಾಗಿತ್ತು. ಬೆಳಿಗ್ಗೆ ಇರುವುದಿಲ್ಲ, ಸಂಜೆ ಬರುತ್ತದೆ. ಬೆವರಿ ಹಾಸಿಗೆ ತೊಯ್ಯುತ್ತದೆ. ಹತ್ತು ದಿನ ಬಿಡುತ್ತದೆ, ಗುಣವಾಯಿತು ಎಂದು ಬೂಟು ಕಟ್ಟಿದರೆ ಮತ್ತೆ ಬರುತ್ತದೆ. ಆರು ತಿಂಗಳಲ್ಲಿ ಸೊಂಟ, ಮೊಣಕಾಲು ಎಲ್ಲ ನೋವು. ಕಾಲುವೆಯ ಮೊದಲ ತೂಬಿಗೇ ಅವಳು ಕುಳಿತುಬಿಡುತ್ತಿದ್ದಳು.

"ಟಿಪ್ಪರ್‌ಗಾದ್ರೂ ಸರ್ವೀಸ್ ಅಂತ ಒಂದು ಐತಿ. ದೊಡ್ಡ ದವಾಖಾನಿಗೆ ತೋರ್ಸು," ಎಂದ ಗಂಡ ಜಂಬುನಾಥ. ಅವನು ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ; ಅವನಿಗೆ ಎಲ್ಲ ರೋಗವೂ ಗಾಡಿಯ ರೋಗವೇ.

ಹೊಸಪೇಟೆಯ ದವಾಖಾನೆಯಲ್ಲಿ ಡಾಕ್ಟರ್ ಅನ್ನಪೂರ್ಣ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಕೇಳಿದರು, "ಮನ್ಯಾಗ ಆಡು, ಕುರಿ ಏನರ ಅದಾವೇನ್ರಿ?"

"ಎರಡು ಆಡು ಅದಾವ್ರಿ."

"ಹಸಿ ಹಾಲು ಕುಡೀತೀರಾ?"

"ಕುಡೀತೀನ್ರಿ. ಓಡೋರಿಗೆ ಶಕ್ತಿ ಅಂತ."

"ಆಡು ಯಾವಾಗರ ಕಂದು ಹಾಕಿತ್ತಾ?"

"ಹಾಕಿತ್ತು ನೋಡ್ರಿ ಒಂದು, ಯುಗಾದಿ ಮುಂದ. ದಿನ ತುಂಬದ ಸತ್ತ ಮರಿ."

ರಕ್ತ ಪರೀಕ್ಷೆಯಲ್ಲಿ ರೋಗ ಸಿಕ್ಕಿತು. ಬ್ರುಸೆಲ್ಲಾ ಎಂಬ ರೋಗಾಣು, ಆಡಿನ ಹಸಿ ಹಾಲಿನಿಂದ ಬಂದದ್ದು. ಆರು ವಾರ ಎರಡು ಬಗೆಯ ಮಾತ್ರೆ, ಒಂದು ದಿನವೂ ತಪ್ಪಬಾರದು. ಮಾತ್ರೆಯ ಜೊತೆ ಯಾವ ಹಾಲೂ ಬೇಡ, ಹಸಿ ಹಾಲಂತೂ ಎಂದೆಂದಿಗೂ ಬೇಡ. ಮೂತ್ರ ಕೆಂಪಾಗುತ್ತದೆ, ಅದು ಮಾತ್ರೆಯ ಬಣ್ಣ, ಹೆದರಬೇಡಿ ಎಂದರು. ಹಂಪಿ ಓಟಕ್ಕೆ ಒಂಬತ್ತು ವಾರವಿತ್ತು. ಮೂರು ವಾರ ಕೈಯಲ್ಲಿ ಉಳಿಯುತ್ತದೆ ಎಂದು ಚಂದ್ರಕಲಾ ಅಲ್ಲೇ ಬೆರಳು ಎಣಿಸಿದಳು.

ಮನೆಗೆ ಬಂದಾಗ ಹೊಳೆಮ್ಮ ಆಡಿಗೆ ಸೊಪ್ಪು ಹಾಕುತ್ತಿದ್ದಳು.

"ಏನಂದ್ರವ್ವಾ ಡಾಕ್ಟ್ರು?"

"ಬ್ರುಸೆಲ್ಲಾ ಅಂತ."

"ಬ್ರಶ್ಶಾ? ಹಲ್ಲು ತಿಕ್ಕೋದು?"

ಚಂದ್ರಕಲಾ ನಕ್ಕಳು. ನಕ್ಕ ಮೇಲೆ ಉಳಿದದ್ದನ್ನು ಹೇಳುವುದು ಕಷ್ಟವಾಯಿತು. ನಿನ್ನ ಹಾಲಿನಿಂದಲೇ ಬಂತು ಎಂದು, ಓಣಿಯಲ್ಲಿ ತನ್ನ ಪರವಾಗಿ ಜಗಳ ಆಡಿದವಳಿಗೆ ಹೇಗೆ ಹೇಳುವುದು? "ಈ ಮಾತ್ರಿಗೆ ಹಾಲು ಆಗಂಗಿಲ್ಲಂತ ಅತ್ತೀ. ಮುಗಿಯೋತನಕ ಬ್ಯಾಡ," ಎಂದಳು. ಸುಳ್ಳಲ್ಲ. ಅರ್ಧ ಮಾತು, ಅಷ್ಟೆ.

ಅರ್ಧ ಮಾತನ್ನು ಕೇಳಿದವರು ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ. ಎರಡನೆಯ ವಾರ ಬಚ್ಚಲಲ್ಲಿ ಕೆಂಪು ನೀರು ಕಂಡ ಹೊಳೆಮ್ಮ, ಮಾತ್ರೆ ಉಷ್ಣ ಮಾಡಿದೆ, ಹುಡುಗಿಯ ಮೈ ಒಳಗೇ ಸುಡುತ್ತಿದೆ ಎಂದುಕೊಂಡಳು. ಉಷ್ಣಕ್ಕೆ ಅವಳ ಬಳಿ ಮದ್ದಿತ್ತು: ಕಾಮಕಸ್ತೂರಿ ಬೀಜ ನೆನೆಹಾಕಿ, ಸಕ್ಕರೆ ಬೆರೆಸಿ, ಮೇಲೆ ಆಡಿನ ಹಾಲು. ಕಾಸಿದರೆ ತಂಪು ಹೋಗುತ್ತದೆ. ಹಾಲು ಎಂದರೆ ಸೊಸೆ ಕುಡಿಯುವುದಿಲ್ಲ. ಹಾಗಾಗಿ "ಹಾಲಲ್ಲ, ಶರಬತ್ತು" ಎಂದು ದಿನಾ ಮಧ್ಯಾಹ್ನ ಲೋಟ ಕೊಟ್ಟಳು. ಬೆಳ್ಳಗಿದ್ದದ್ದನ್ನು ಕಂಡು, ಜ್ವರದ ಬಾಯಿಗೆ ರುಚಿಯೂ ತಿಳಿಯದೆ, ಚಂದ್ರಕಲಾ ತೆಂಗಿನ ಹಾಲಿರಬೇಕು ಎಂದುಕೊಂಡು ಕುಡಿದಳು.

ನಾಲ್ಕನೆಯ ವಾರಕ್ಕೂ ಸಂಜೆಯ ಜ್ವರ ಬಿಡಲಿಲ್ಲ. ಈ ಸಲ ಹೊಳೆಮ್ಮನೂ ದವಾಖಾನೆಗೆ ಬಂದಳು.

"ಮಾತ್ರೆ ತಪ್ಪಿಸಿದ್ರಾ?" ಎಂದರು ಡಾಕ್ಟರ್.

"ಒಂದೂ ತಪ್ಪಿಸಿಲ್ರಿ."

"ನೀವು ಕೊಟ್ಟ ಗುಳಿಗಿ ಭಾಳ ಉಷ್ಣರೀ ಮೇಡಮ್ಮ," ಎಂದು ಹೊಳೆಮ್ಮ ನಡುವೆ ಬಂದಳು. "ಉಚ್ಚಿ ಕೆಂಪಗ ಹೋಗ್ತೈತಿ. ನಾನು ದಿನಾ ತಂಪು ಮಾಡಿ ಕೊಡ್ತೀನಿ, ಅದಕ್ಕ ಇಷ್ಟರ ತಡಕೊಂಡಾಳ."

"ತಂಪಿಗೆ ಏನು ಹಾಕ್ತೀರಿ?"

"ಕಾಮಕಸ್ತೂರಿ, ಸಕ್ರಿ, ನಮ್ಮ ಆಡಿನ ಹಾಲು. ಹಸೀದು, ನೀರು ಕೂಡ ಬೆರ್ಸಂಗಿಲ್ಲ ಮತ್ತ."

ಚಂದ್ರಕಲಾ ತಲೆ ತಗ್ಗಿಸಿದಳು. ಡಾಕ್ಟರ್ ಯಾರನ್ನೂ ಬೈಯಲಿಲ್ಲ. ಹಾಲಿನಿಂದ ರೋಗ ಹೇಗೆ ಬಂತು, ಹಾಲು ಮಾತ್ರೆಯನ್ನು ಹೇಗೆ ಮೈಗೆ ಹತ್ತಗೊಡಲಿಲ್ಲ ಎಂದು ಹೊಳೆಮ್ಮನಿಗೇ ನೇರವಾಗಿ ಹೇಳಿದರು. ಮತ್ತೆ ಮೊದಲಿನಿಂದ ಆರು ವಾರ. ಆಮೇಲೆ ಕೇಳಿದರು, "ನೀವೂ ಅದೇ ಹಾಲು ಕುಡೀತೀರಲ್ಲ, ಅಮ್ಮ. ನಿಮಗೇನೂ ಇಲ್ಲೇನು?"

"ನನಗೇನಾಗೈತಿ? ನಡ ಹಿಡಕೊಂಡು ವರ್ಷ ಆತು, ಸಂಜಿಗೆ ಒಂದೀಟು ಮೈ ಬಿಸಿ. ಅದು ವಯಸ್ಸಿಂದು."

"ವಯಸ್ಸಿಗೆ ಜ್ವರ ಬರಂಗಿಲ್ಲ. ಕೈ ಚಾಚ್ರಿ," ಎಂದು ಡಾಕ್ಟರ್ ಅವಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಬಸ್ಸಿನಲ್ಲಿ ಹೊಳೆಮ್ಮ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ, "ಮೊದಲ ದಿನಾನ ಯಾಕ ಹೇಳ್ಲಿಲ್ಲ ನೀನು?" ಎಂದಳು.

"ನಿಮಗ ಬ್ಯಾಸರ ಆಗ್ತೈತಿ ಅಂತ, ಅತ್ತೀ."

"ಬ್ಯಾಸರ ಎರಡು ದಿನದ್ದು. ನಿನ್ನ ಜ್ವರ ವರ್ಷಾನುಗಟ್ಲೆದ್ದು. ಯಾವುದು ಕಡಿಮಿ ಅಂತ ಲೆಕ್ಕ ಬರಂಗಿಲ್ಲೇನು ನಿನಗ?" ಸೊಸೆಯ ಕಡೆ ತಿರುಗಿ, "ನಾನೂ ಶರಬತ್ತು ಅಂತ ಸುಳ್ಳು ಹೇಳಿ ಕುಡ್ಸಿದೆ. ಇಬ್ಬರೂ ಶ್ಯಾಣ್ಯಾರು," ಎಂದಳು.

"ಓಟಕ್ಕ ಐದೇ ವಾರ ಐತಿ ಅತ್ತೀ."

"ಗೊತ್ತೈತಿ. ಎಣಿಸೇ ಕುಂತೀನಿ."

ಮೂರು ದಿನಕ್ಕೆ ಹೊಳೆಮ್ಮನ ರಿಪೋರ್ಟೂ ಬಂತು. ಅದೇ ರೋಗ. ಇಬ್ಬರೂ ಒಂದೇ ಡಬ್ಬಿಯಲ್ಲಿ ಮಾತ್ರೆ ಇಟ್ಟುಕೊಂಡು, ಊಟವಾದ ಮೇಲೆ ಒಬ್ಬರನ್ನೊಬ್ಬರು ಕಾದು ನುಂಗಿದರು. ಪಶು ವೈದ್ಯರು ಬಂದು ಪರೀಕ್ಷೆ ಮಾಡಿ, ಇನ್ನೊಂದಕ್ಕೆ ರೋಗವಿಲ್ಲ, ಕಂದು ಹಾಕಿದ್ದ ಆಡಿಗೆ ಇದೆ, ಇದನ್ನು ಇಟ್ಟುಕೊಳ್ಳುವಂತಿಲ್ಲ, ಸಂತೆಯಲ್ಲಿ ಮಾರಲೂಬಾರದು ಎಂದರು. ಕಂಪ್ಲಿ ಸಂತೆಯ ದಲ್ಲಾಳಿ ಎರ್ರಿಯಪ್ಪ ಒಂಬತ್ತು ಸಾವಿರಕ್ಕೆ ಕೇಳಿದ. "ನಮ್ಮ ಬ್ಯಾನಿ ಇನ್ನೊಬ್ಬರ ಮನಿಗೆ ಮಾರಂಗಿಲ್ಲಪ್ಪ," ಎಂದು ಹೊಳೆಮ್ಮ ಅವನನ್ನು ಬಾಗಿಲಿಂದಲೇ ಕಳಿಸಿದಳು. ಆಡನ್ನು ಪಶು ವೈದ್ಯರಿಗೇ ಒಪ್ಪಿಸಿದಳು.

ಓಟದ ದಿನ ಚಂದ್ರಕಲಾ ಓಡಲಿಲ್ಲ. ಬೂಟು ಕಟ್ಟಿಕೊಂಡು ಕಮಲಾಪುರದ ರಸ್ತೆಯ ಬದಿಗೆ ನಿಂತು, ಹೋಗುವವರಿಗೆ ನೀರು ಕೊಟ್ಟಳು. ಹೋದ ವರ್ಷ ಅವಳ ಹಿಂದಿದ್ದ ಇಬ್ಬರು ಈ ಸಲ ಅವಳ ಐವತ್ತನಾಲ್ಕು ನಿಮಿಷಕ್ಕಿಂತ ಮೊದಲೇ ಮುಟ್ಟಿದರು.

ಮಾತ್ರೆ ಮುಗಿದು ಈಗ ಎರಡು ತಿಂಗಳು. ಜ್ವರ ಬಂದಿಲ್ಲ. ಒಂದು ದಿನ ಓಡಿದರೆ ಒಂದು ದಿನ ಬಿಡುತ್ತಾಳೆ. ಐದು ಕಿಲೋಮೀಟರಿಗೆ ಮೂವತ್ತನಾಲ್ಕು ನಿಮಿಷ, ಮೊದಲು ಇಪ್ಪತ್ತಾರು. ಹತ್ತು ಕಿಲೋಮೀಟರ್ ಇನ್ನೂ ಆಗಿಲ್ಲ. ಹೋದ ವಾರ ಅವಳಿಗೆ ನಲವತ್ತು ತುಂಬಿತು, ಅದರೊಳಗೆ ಐವತ್ತು ನಿಮಿಷಕ್ಕೆ ಮುಟ್ಟುವ ಆಸೆ ಕೈತಪ್ಪಿತು. ಹಾಲನ್ನು ಈಗ ಹೊಳೆಮ್ಮನೇ ಉಕ್ಕುವವರೆಗೆ ಕಾಸುತ್ತಾಳೆ. ಅವಳ ನಡ ನೋವು ಹೋಗಿದೆ. ಉಳಿದ ಒಂದು ಆಡನ್ನು ಕರೆಯಲು ವರ್ಷದ ಮೇಲೆ ಮೊದಲ ಸಲ ಕುಕ್ಕರುಗಾಲಲ್ಲಿ ಕೂರುತ್ತಾಳೆ, ಏಳಲು ಯಾರ ಕೈಯೂ ಬೇಡ.